ನೆರೆ ಇಳಿದ ಮೇಲಿನ ಪಟಗಳು

ಕುಂದಾಪುರದ ಕಡೆಯವರಿಗೆ ಮಳೆಯೆಂಬುದು ಸುದ್ದಿಯಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು, ಎಂದರೆ ಹಳೆಯ ಲೆಕ್ಕದ 150 ಅಂಗುಲಕ್ಕೂ ಮಿಗಿಲಾದ ಮಳೆ ಬೀಳುವ ಸೀಮೆಯಲ್ಲಿ, ಗದ್ದೆಗೆ ನೀರು ನುಗ್ಗಿತೆಂದರೆ ‘ಆಸಾಡಿಯಲ್ಲವೇ’ ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ನೀರು ಅಂಗಳಕ್ಕೆ ಬಂದರೆ ಕಣ್ಣೆತ್ತಿ ನೋಡುತ್ತಾರೆ. ಜಗಲಿ ಹತ್ತಿದರೆ ಅಕ್ಕಿಮುಡಿಯನ್ನು ಅಟ್ಟಕ್ಕೆ ಏರಿಸುತ್ತಾರೆ. ಒಳಕ್ಕೆ ಬಂದರೆ ಮಾತ್ರ ಅದಕ್ಕೆ ನೆರೆಯೆಂದು ಹೆಸರು. ಹೀಗೆ ತಲೆತಲಾಂತರದಿಂದ ನೆರೆಯೊಡನೆ ಬಾಳುವೆ ಮಾಡಿಕೊಂಡು ಬಂದ ಜನ ಅದರ ಗುರುತನ್ನು ಎಲ್ಲಿ ಇಟ್ಟುಕೊಂಡಿದ್ದಾರೆ ಎಂಬ ಕುತೂಹಲ ಕೆಲವು ವರ್ಷಗಳಿಂದ ನನ್ನನ್ನು ಹಿಡಿದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಪರಿಚಯದ ಮನೆಗಳಿಗೆ ಹೋದಾಗಲೆಲ್ಲ ‘ನಿಮ್ಮಲ್ಲಿ ನೆರೆಯ ಪಟ ಉಂಟೇ’ ಎಂದು ಕೇಳುವುದು ನನಗೊಂದು ಚಟವೇ ಆಗಿಬಿಟ್ಟಿದೆ.

ಮೊದಲು ಈ ಸೀಮೆಯ ಪರಿಚಯ ಸ್ವಲ್ಪ ಬೇಕು. 1862ರಲ್ಲಿ ಕನ್ನಡ ಜಿಲ್ಲೆಯ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟಾಗ ಕುಂದಾಪುರ ತಾಲೂಕು ಮದರಾಸು ಪ್ರಾಂತದಲ್ಲಿಯೇ ಉಳಿಯಿತು. 1956ರಲ್ಲಿ ಅದು ದಕ್ಷಿಣ ಕನ್ನಡದೊಡನೆ ನಮ್ಮ ರಾಜ್ಯಕ್ಕೆ ಸೇರಿತು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. ಬೈಂದೂರು, ಬ್ರಹ್ಮಾವರಗಳು ಬೇರೆ ತಾಲೂಕುಗಳಾದದ್ದು 2018ರಲ್ಲಿ. ಆಡಳಿತದ ಗೆರೆಗಳು ಹೀಗೆ ಬದಲಾಗುತ್ತ ಬಂದರೂ ನೀರಿನ ಗೆರೆಗಳು ಬದಲಾಗಿಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಗಂಗೊಳ್ಳಿಯ ಬಳಿ ಒಂದಾಗಿ ಪಂಚಗಂಗಾವಳಿಯೆನಿಸಿ ಕಡಲು ಸೇರುತ್ತವೆ. ತೆಂಕಣಕ್ಕೆ ಸೀತಾ, ಸ್ವರ್ಣಾ ನದಿಗಳು ಬ್ರಹ್ಮಾವರದ ಬಯಲನ್ನು ಹಾದು ಕೋಡಿಬೆಂಗ್ರೆಯ ಕಡೆಗೆ ಹರಿಯುತ್ತವೆ. ಇವೆಲ್ಲ ಘಟ್ಟದ ನೆತ್ತಿಯಲ್ಲಿ ಹುಟ್ಟಿ ಸ್ವಲ್ಪ ದೂರ ಓಡಿ ಕಡಲಿಗೆ ಬೀಳುವ ಗಿಡ್ಡ ನದಿಗಳು. ಬೈಂದೂರಿನ ಕಡೆಗಂತೂ ಘಟ್ಟವೇ ಕಡಲ ಸಮೀಪಕ್ಕೆ ಬಂದು ನಿಂತಿದೆ. ಆದುದರಿಂದ ಘಟ್ಟದಲ್ಲಿ ರಾತ್ರಿ ಬಿದ್ದ ಮಳೆ ಬೆಳಗಾಗುವುದರೊಳಗೆ ಬಯಲಿಗೆ ಬರುತ್ತದೆ. ಆ ಹೊತ್ತಿಗೆ ಕಡಲಿನಲ್ಲಿ ಭರತವಿದ್ದರೆ ಅಳಿವೆಯ ಬಾಗಿಲು ಮುಚ್ಚಿದಂತಾಗಿ ನೀರು ಹಿಂದಕ್ಕೆ ಒತ್ತಿ ಕುದ್ರುಗಳನ್ನೂ ಗದ್ದೆಗಳನ್ನೂ ಮುಳುಗಿಸುತ್ತದೆ. ಇಳಿತ ಬಂದರೆ ಒಂದೆರಡು ದಿನಗಳಲ್ಲಿ ಎಲ್ಲವೂ ಇಳಿದುಹೋಗುತ್ತದೆ. ಬಿಹಾರದ, ಅಸ್ಸಾಮಿನ ನೆರೆಗಳಂತೆ ವಾರಗಟ್ಟಲೆ ನಿಲ್ಲುವುದು ಅದರ ಜಾಯಮಾನವಲ್ಲ. ನೆರೆಯ ಪಟ ಇಲ್ಲಿ ವಿರಳವಾಗಿರಲು ಇದೂ ಒಂದು ಕಾರಣ. ಪಟ ತೆಗೆಯುವವನು ದಾರಿ ಹುಡುಕಿ ಬರುವ ಹೊತ್ತಿಗೆ ನೀರು ಹೊರಟುಹೋಗಿರುತ್ತದೆ!

ಪಟಗಳಿಲ್ಲದ ಕಾಲದಲ್ಲಿ ನಮ್ಮ ಜನ ವಿಪತ್ತುಗಳಿಗೆ ಹೆಸರಿಟ್ಟು ನೆನಪಿಟ್ಟುಕೊಂಡರು. ಉತ್ತರ ಕರ್ನಾಟಕದವರು 1791-92ರ ಕ್ಷಾಮವನ್ನು ತಲೆಬುರುಡೆಗಳ ಲೆಕ್ಕದಲ್ಲಿ ‘ಡೋಗಿ ಬರ’ವೆಂದು ಕರೆದರು, ಹಳೆಯ ಮೈಸೂರಿನವರು 1876ರಿಂದ 78ರವರೆಗಿನದನ್ನು ಸಂವತ್ಸರದ ಹೆಸರಿನಿಂದ ‘ಧಾತು ಬರ’ವೆಂದರು, ನಮ್ಮ ನೆರೆಯ ತುಳುವರು 1923ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ನುಂಗಿದ್ದನ್ನು ಈಗಲೂ ‘ಮಾರಿ ಬೊಳ್ಳ’ವೆಂದೇ ಹೇಳುತ್ತಾರೆ. ಹೆಸರು ಬಹಳ ಕಾಲ ಬಾಳುವ ವಸ್ತು. ಆದರೆ ಅದು ಹೇಳುವುದು ವಿಪತ್ತಿನ ಗಾತ್ರವನ್ನು ಮಾತ್ರ. ಮರುದಿನ ಒಲೆ ಹೇಗೆ ಹೊತ್ತಿತು, ಒದ್ದೆಯಾದ ಬೀಜದ ಭತ್ತವನ್ನು ಏನು ಮಾಡಿದರು, ಕೊಚ್ಚಿಹೋದ ಸಂಕವನ್ನು ಯಾರು ಕಟ್ಟಿದರು ಎಂಬುದನ್ನು ಹೆಸರು ಹೇಳುವುದಿಲ್ಲ.

ಛಾಯಾಚಿತ್ರದ ವಿದ್ಯೆ ಪ್ಯಾರಿಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಅದು ಭಾರತಕ್ಕೆ ಬರಲು ಹೆಚ್ಚು ತಡವಾಗಲಿಲ್ಲ. 1856ರಲ್ಲಿ ಮದರಾಸಿನಲ್ಲಿ ಛಾಯಾಚಿತ್ರಗಾರರ ಸಂಘವೇ ಹುಟ್ಟಿಕೊಂಡಿತು. ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರಲ್ಲಿಯೇ ಮೈಸೂರು ಸೀಮೆಗೆ ಬಂದು ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಹಿಡಿದುಕೊಂಡು ಹೋದನು. ನಮ್ಮ ಕಲ್ಲುಗಳಿಗೆ ನಮ್ಮ ಜನರಿಗಿಂತ ಮೊದಲು ಪಟದ ಭಾಗ್ಯ ದೊರೆಯಿತು. ಇದರಲ್ಲಿ ಆಶ್ಚರ್ಯವಿಲ್ಲ, ಆಗಿನ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ಸ್ಥಳದಲ್ಲಿಯೇ ರಸಾಯನ ಹಚ್ಚಿ, ಅದು ಆರುವ ಮುಂಚೆ ಚಿತ್ರ ಹಿಡಿದು, ಕೂಡಲೇ ಕತ್ತಲೆಯ ಗುಡಾರದಲ್ಲಿ ತೊಳೆಯಬೇಕಾಗಿತ್ತು. ಕಲ್ಲು ಅಲುಗಾಡುವುದಿಲ್ಲ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಮುಂದೆ ನಮ್ಮ ಕರಾವಳಿಯ ಜನಜೀವನದ ಪಟಗಳನ್ನು ಸಾಕಷ್ಟು ತೆಗೆದರು. ಅವು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಭಂಡಾರದಲ್ಲಿ ಭದ್ರವಾಗಿವೆ. ನಾನು ನೋಡಿದ ಇಂಥ ಹಳೆಯ ಪಟಗಳಲ್ಲೆಲ್ಲ ಬಿಸಿಲು ಪ್ರಖರವಾಗಿದೆ, ನೆರಳು ಗಟ್ಟಿಯಾಗಿದೆ. ಮಳೆಗಾಲದ ಮಬ್ಬು ಬೆಳಕು ಆ ಕಾಲದ ನಿಧಾನದ ಫಲಕಗಳಿಗೆ ಸಾಲುತ್ತಿರಲಿಲ್ಲ. ತೇವ ಮಸೂರವನ್ನು ಮುಸುಕುತ್ತಿತ್ತು. ಹಾಗಾಗಿ ವರ್ಷದ ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುವ ನಾಡೊಂದು ಪಟಗಳಲ್ಲಿ ಸದಾ ಒಣಗಿದ ನಾಡಾಗಿ ಕಾಣಿಸಿಕೊಂಡಿತು.

ವಿಪತ್ತಿನ ಪಟಗಳು ನಮ್ಮ ಪ್ರಾಂತದಲ್ಲಿ ಪ್ರಸಿದ್ಧಿಗೆ, ಅದಕ್ಕಿಂತ ಹೆಚ್ಚಾಗಿ ಅಪಖ್ಯಾತಿಗೆ ಬಂದದ್ದು ಧಾತು ಬರದಲ್ಲಿ. ಮದರಾಸು ಸೇನೆಯ ವಿಲೋಬಿ ವಾಲೇಸ್ ಹೂಪರ್ ಎಂಬಾತ ಹಸಿದು ಎಲುಬುಗೂಡಾಗಿದ್ದ ಜನರನ್ನು ಸಾಲಾಗಿ ಕೂಡಿಸಿ ಚಿತ್ರ ತೆಗೆದನು. ಆ ಪಟಗಳು ಇಂಗ್ಲೆಂಡಿನವರೆಗೂ ಹೋಗಿ ಬರದ ಘೋರವನ್ನು ಕಣ್ಣಿಗೆ ಕಟ್ಟಿದವು, ನಿಜ. ಆದರೆ ಚಿತ್ರ ತೆಗೆದ ಮೇಲೆ ಆ ಮನುಷ್ಯರಿಗೆ ಏನು ಮಾಡಿದೆ ಎಂಬ ಪ್ರಶ್ನೆ ಅವನನ್ನು ಬಿಡಲಿಲ್ಲ. ಪಟದಲ್ಲಿರುವ ಒಬ್ಬರ ಹೆಸರೂ ನಮಗೆ ತಿಳಿಯದು. ಅವರು ಮರುವಾರ ಬದುಕಿದ್ದರೇ ಎಂಬುದೂ ತಿಳಿಯದು.

ಈ ಪ್ರಶ್ನೆ ಅಲ್ಲಿಗೇ ಮುಗಿಯಲಿಲ್ಲ. ಅಮೆರಿಕದಲ್ಲಿ ಬರಗಾಲವೂ ಆರ್ಥಿಕ ಕುಸಿತವೂ ಕೂಡಿ ರೈತರನ್ನು ಬೀದಿಗೆ ತಂದಾಗ, 1936ರಲ್ಲಿ ಡೊರೊಥಿಯಾ ಲ್ಯಾಂಜ್ ಎಂಬಾಕೆ ಕ್ಯಾಲಿಫೋರ್ನಿಯದ ಒಂದು ಬಿಡಾರದಲ್ಲಿ ಮಕ್ಕಳೊಡನೆ ಕುಳಿತ ತಾಯಿಯೊಬ್ಬಳ ಪಟ ತೆಗೆದಳು. ಅದು ಜಗತ್ಪ್ರಸಿದ್ಧವಾಯಿತು. ಆ ತಾಯಿ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಜಗತ್ತಿಗೆ ತಿಳಿದದ್ದು 1978ರಲ್ಲಿ, 42 ವರ್ಷಗಳ ಮೇಲೆ. ಆ ಪಟದಿಂದ ತನಗೆ ಬಿಡಿಗಾಸಿನ ಲಾಭವಾಗಲಿಲ್ಲವೆಂದು ಆಕೆ ನೊಂದು ಹೇಳಿಕೊಂಡಳು. ನಮ್ಮಲ್ಲಿ ಸುನಿಲ್ ಜಾನಾ 1943ರ ಬಂಗಾಳದ ಕ್ಷಾಮವನ್ನು ಪಟಗಳಲ್ಲಿ ಹಿಡಿದು ದೇಶವನ್ನು ಎಚ್ಚರಿಸಿದರು. ಮೈಸೂರಿನವರಾದ ಟಿ. ಎಸ್. ಸತ್ಯನ್ ಅವರದು ಇನ್ನೊಂದು ದಾರಿ. ಅವರು ದೊಡ್ಡ ಘಟನೆಗಳನ್ನು ಬಿಟ್ಟವರಲ್ಲ. ಆದರೂ ಅವರ ಹೆಸರು ಉಳಿದಿರುವುದು ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಬಾಗಿಲಲ್ಲಿ ಕುಳಿತ ಮುದುಕರು, ಇಂಥ ದಿನನಿತ್ಯದ ಚಿತ್ರಗಳಿಂದ. ಬಡವರ ಪಟವನ್ನು ಅವರ ಮಾನಕ್ಕೆ ಕುಂದು ಬಾರದಂತೆ ತೆಗೆಯಬಹುದೆಂಬುದಕ್ಕೆ ಕನ್ನಡಿಗರಿಗೆ ಸತ್ಯನ್ ಅವರಿಗಿಂತ ಹತ್ತಿರದ ಮೇಲ್ಪಂಕ್ತಿ ಬೇಕಿಲ್ಲ.

ಇನ್ನು ನಮ್ಮ ಮೂರು ತಾಲೂಕುಗಳಿಗೆ ಬರೋಣ. ಇಲ್ಲಿ ಕ್ಯಾಮರಾ ಬಲ್ಲವರಿಗೆ ಕೊರತೆಯಿರಲಿಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಮೂಕಚಿತ್ರಗಳ ಕಾಲದಲ್ಲಿಯೇ ಚಲನಚಿತ್ರ ತೆಗೆದವರು. ಶಿಲ್ಪ, ಯಕ್ಷಗಾನಗಳನ್ನು ಅಭ್ಯಾಸ ಮಾಡುವಾಗ ಕ್ಯಾಮರಾವನ್ನು ಲೇಖನಿಯಷ್ಟೇ ಸಲೀಸಾಗಿ ಹಿಡಿದವರು. ಪೇಟೆಗಳಲ್ಲಿ ಪಟದಂಗಡಿಗಳಾದವು. ಮದುವೆಗೆ, ಉಪನಯನಕ್ಕೆ, ಮುಂಬಯಿಗೆ ಹೊರಟ ಮಗನ ನೆನಪಿಗೆ ಪಟ ತೆಗೆಸುವುದು ರೂಢಿಯಾಯಿತು. ಆದರೆ ನಾನು ಮನೆಮನೆಗಳಲ್ಲಿ ಕೇಳಿದಾಗ ಹೊರಬಂದ ತಗಡಿನ ಪೆಟ್ಟಿಗೆಗಳಲ್ಲಿ ನೆರೆಯ ಪಟ ಮಾತ್ರ ಇರಲಿಲ್ಲ. ಇದ್ದದ್ದು ಬೇರೊಂದು. ಪಂಚಗಂಗಾವಳಿಯ ದಡದ ಒಂದು ಮನೆಯಲ್ಲಿ ಮದುವೆಯ ಪಟದ ಕೆಳಭಾಗ ಕಂದುಬಣ್ಣಕ್ಕೆ ತಿರುಗಿ, ವಧೂವರರ ಪಾದಗಳು ಅಳಿಸಿಹೋಗಿದ್ದವು. ‘ಅಷ್ಟರವರೆಗೆ ನೀರು ಬಂದಿತ್ತು, ಗೋಡೆಗೆ ತೂಗುಹಾಕಿದ್ದೆವು’ ಎಂದು ಮನೆಯ ಹಿರಿಯ ಹೆಂಗಸು ಬೆರಳಿಟ್ಟು ತೋರಿಸಿದರು. ಆ ಮನೆಯ ನೆರೆಗೆ ಉಳಿದ ಗುರುತು ಅದೊಂದೇ. ಸಂತೋಷಕ್ಕೆ ಪಟ, ದುಃಖಕ್ಕೆ ಮೌನ ಎಂಬುದು ನಮ್ಮ ಮನೆಗಳ ಅಲಿಖಿತ ನಿಯಮವಾಗಿತ್ತು. ಒಂದು ಫಿಲ್ಮು ಸುರುಳಿಯ ಬೆಲೆಯೂ ಹಾಗೆಯೇ ಇತ್ತೆನ್ನಿ.

ಪತ್ರಿಕೆಗಳು ಈ ಮೌನವನ್ನು ಸ್ವಲ್ಪ ಮುರಿದವು. 1970ರ ಜನವರಿ 1ರಂದು ಮಣಿಪಾಲದಿಂದ ‘ಉದಯವಾಣಿ’ ಹೊರಟ ಮೇಲೆ ಕರಾವಳಿಯ ಊರುಗಳ ಪಟಗಳು ಕರಾವಳಿಯಲ್ಲಿಯೇ ಅಚ್ಚಾಗಿ ಮರುಬೆಳಗ್ಗೆ ಜಗಲಿಗೆ ಬರತೊಡಗಿದವು. 1974ರ ಜುಲೈಯಲ್ಲಿ ನೇತ್ರಾವತಿ ಮತ್ತೆ ಉಕ್ಕಿದಾಗ ಅದನ್ನು ನೋಡುವ ಕಣ್ಣುಗಳು 1923ಕ್ಕಿಂತ ಎಷ್ಟೋ ಹೆಚ್ಚಿದ್ದವು. ಆದರೆ ಪತ್ರಿಕೆಗೆ ಒಂದೇ ಪಟಕ್ಕೆ ಜಾಗವಿರುವಾಗ ಯಾವುದನ್ನು ಆರಿಸುತ್ತಾರೆ? ನೀರು ಸೂರಿಗೆ ಮುಟ್ಟಿದ ಮನೆಯನ್ನು, ದೋಣಿಯಲ್ಲಿ ಕುಳಿತ ಅಧಿಕಾರಿಗಳನ್ನು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಸುದ್ದಿಯ ಧರ್ಮವೇ ಅದು. ಆದರೆ ಸುದ್ದಿ ನೀರಿನೊಡನೆ ಬಂದು ನೀರಿನೊಡನೆ ಹೋಗುತ್ತದೆ. ನೀರು ಇಳಿದ ಮೇಲಿನ ದಿನಗಳಿಗೆ ಪುಟದಲ್ಲಿ ಜಾಗವಿರುವುದಿಲ್ಲ.

ಆ ದಿನಗಳೇ ದೊಡ್ಡವೆಂಬುದು ಇತ್ತೀಚಿನ ಮೂರು ವಿಪತ್ತುಗಳಿಂದ ನನಗೆ ಮನದಟ್ಟಾಯಿತು. ಮೊದಲನೆಯದು 2020ರ ಸೆಪ್ಟೆಂಬರ್ 20, ಭಾನುವಾರ. ಹಿಂದಿನ ರಾತ್ರಿಯಿಡೀ ಸುರಿದ ಮಳೆಗೆ ಸ್ವರ್ಣಾ, ಸೀತಾ ನದಿಗಳು ಉಕ್ಕಿ, ಉಡುಪಿ ಪೇಟೆಯೂ ಬ್ರಹ್ಮಾವರದ ಕಡೆಯ ನದೀತೀರದ ಹಳ್ಳಿಗಳೂ ಜಲಮಯವಾದವು. ಸಾವಿರಾರು ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಕೊರೋನದ ಕಾಲ, ಒಬ್ಬರ ಮನೆಗೆ ಒಬ್ಬರು ಹೋಗಬಾರದೆಂಬ ಕಟ್ಟಳೆ. ನೀರು ಆ ಕಟ್ಟಳೆಯನ್ನು ಒಂದು ಬೆಳಗ್ಗೆಯಲ್ಲಿ ಕಿತ್ತುಹಾಕಿತು. ಎರಡನೆಯದು 2021ರ ಮೇ ತಿಂಗಳ ನಡುವಿನ ‘ತೌಕ್ತೆ’ ಚಂಡಮಾರುತ. ಆಗ ನಾಡ ಗ್ರಾಮದ ಮಳೆಮಾಪಕದಲ್ಲಿ ಒಂದೇ ದಿನಕ್ಕೆ 385 ಮಿಲಿಮೀಟರು ದಾಖಲಾಯಿತು. ಮರವಂತೆಯ ಕಡಲತೀರದಲ್ಲಿ ತೆರೆಗಳು ರಸ್ತೆಯನ್ನೂ ತೆಂಗಿನ ಮರಗಳನ್ನೂ ಕಿತ್ತವು. ಮೂರನೆಯದು 2022ರ ಆಗಸ್ಟ್ 1ರ ರಾತ್ರಿ. ಭಟ್ಕಳದ ಕಡೆ 500 ಮಿಲಿಮೀಟರಿಗೂ ಮೀರಿ ಸುರಿದ ಆ ಮಳೆಗೆ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ಪಕ್ಕದ ಬೈಂದೂರು ತಾಲೂಕಿನ ಶಿರೂರಿನಲ್ಲಿ ಹೊಳೆಯ ದಡಕ್ಕೆ ಕಟ್ಟಿದ್ದ ಮೀನುಗಾರರ ದೋಣಿಗಳು ಹಗ್ಗ ಹರಿದುಕೊಂಡು ಕಡಲಿಗೆ ಹೋದವು. ಮಳೆಗಾಲದ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ಕರಾವಳಿಯೆಲ್ಲ ಹೊಸ ಋತುವಿಗೆ ಅಣಿಯಾಗಿದ್ದ ಹೊತ್ತು. ಮರುದಿನ ನಾಗರಪಂಚಮಿ.

ಈ ಮೂರೂ ಸಲ ಎಲ್ಲರ ಕೈಯಲ್ಲಿಯೂ ಮೊಬೈಲು ಇತ್ತು. ಪಟಗಳ ಬರವಿದ್ದ ನಾಡಿನಲ್ಲಿ ಪಟಗಳ ನೆರೆ ಬಂತು. ಹಾಗಾದರೆ ಇತಿಹಾಸಕಾರನ ಕಷ್ಟ ಪರಿಹಾರವಾಯಿತೇ? ಆಗಲಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಬೈಂದೂರಿನದೂ ಶಿರೂರು, ಅಂಕೋಲೆಯದೂ ಶಿರೂರು. ‘ಶಿರೂರು ದುರಂತ’ ಎಂದಷ್ಟೇ ಬರೆದ, ತಾರೀಖಿಲ್ಲದ ಪಟವೊಂದು ಇನ್ನು 30 ವರ್ಷಗಳ ಮೇಲೆ ಸಿಕ್ಕಿದರೆ ಅದು ಯಾವ ಊರಿನದೆಂದು ಯಾರು ಹೇಳಬೇಕು? ಹಳೆಯ ಪಟದಂಗಡಿಯವನು ಬೆನ್ನ ಮೇಲೆ ಮೊಹರು ಒತ್ತಿ ತಾರೀಖು ಗೀಚುತ್ತಿದ್ದನು. ಕೈಯಿಂದ ಕೈಗೆ ಹಾರುವ ಮೊಬೈಲಿನ ಪಟಕ್ಕೆ ಬೆನ್ನೇ ಇಲ್ಲ. ಮೊಬೈಲು ಕೆಟ್ಟರೆ ಪಟವೂ ಹೋಯಿತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ವಿಪತ್ತಿನ ಪಟ ಈಗ ಬರಿಯ ನೆನಪಲ್ಲ, ಸಾಕ್ಷಿ. 2019ರ ಮಹಾ ನೆರೆಯಲ್ಲಿ ರಾಜ್ಯ ಸರಕಾರವು ನೀರು ಹೊಕ್ಕ ಮನೆಗೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸಾರಿತು. ಹಣ ಕೊಡುವವರು ಗುರುತು ಕೇಳುವುದು ನ್ಯಾಯವೇ. ಆದರೆ ನಮ್ಮ ನದೀತೀರದ ಹೆಂಗಸರ ಸ್ವಭಾವವನ್ನು ಬಲ್ಲವರಿಗೆ ಇದರ ತೊಡಕು ಕೂಡಲೇ ಹೊಳೆಯುತ್ತದೆ. ನೀರು ಹೊಸ್ತಿಲಿನಿಂದ ಹಿಂದಕ್ಕೆ ಸರಿಯುತ್ತಿರುವಾಗಲೇ ಅವರು ಪೊರಕೆ ಹಿಡಿದು ಅದೇ ನೀರಿನಿಂದ ಕೆಸರನ್ನು ಹೊರಕ್ಕೆ ನೂಕುತ್ತಾರೆ. ಕೆಸರು ಒಣಗಿದರೆ ನೆಲಕ್ಕೆ ಕಚ್ಚುತ್ತದೆಂಬುದು ಅವರಿಗೆ ಗೊತ್ತು. ಸಂಜೆಯೊಳಗೆ ಮನೆ ತೊಳೆದು, ಒಲೆ ಹೊತ್ತಿಸಿ, ದೇವರ ಮುಂದೆ ದೀಪ ಇಟ್ಟಿರುತ್ತಾರೆ. ಮರುದಿನ ಪಟ ತೆಗೆಯಲು ಬಂದವರಿಗೆ ಅಲ್ಲಿ ನಷ್ಟವೇ ಕಾಣುವುದಿಲ್ಲ! ‘ಅವರು ಬಂದು ಪಟ ತೆಗೆಯುವವರೆಗೆ ತೊಳೆಯಬೇಡಿ’ ಎಂದು ನೆರೆಹೊರೆಯವರು ಒಬ್ಬರಿಗೊಬ್ಬರು ಬುದ್ಧಿ ಹೇಳುವುದನ್ನು ನಾನು ಕೇಳಿದ್ದೇನೆ. ಬೇಗ ಎದ್ದು ನಿಂತವನಿಗೆ ಬಿದ್ದೆನೆಂದು ತೋರಿಸಲು ಆಧಾರವಿಲ್ಲ. ಬಿದ್ದೇ ಇದ್ದವನಿಗೆ ಆಧಾರ ಉಂಟು. ಹೂಪರನ ಕಾಲದ ಪ್ರಶ್ನೆ ಇಲ್ಲಿ ಬೇರೊಂದು ವೇಷದಲ್ಲಿ ಬಂದಿದೆ. ಸಂಕಟದಲ್ಲಿರುವವನು ಸಂಕಟದ ಭಂಗಿಯಲ್ಲಿಯೇ ನಿಲ್ಲಬೇಕೆಂದು ಪಟ ಅಪೇಕ್ಷಿಸುತ್ತದೆ.

ಹಾಗೆಂದು ಧೈರ್ಯದ ಪಟಗಳನ್ನಷ್ಟೇ ತೆಗೆದು ಹಾಡಿ ಹೊಗಳುವುದೂ ಅಪಾಯವೇ. ‘ನಮ್ಮ ಜನ ಗಟ್ಟಿಗರು, ಏನು ಬಂದರೂ ತಡೆದುಕೊಳ್ಳುತ್ತಾರೆ’ ಎಂಬ ಮಾತು ಕೇಳಲು ಚೆನ್ನಾಗಿದೆ. ಆದರೆ ಹೂಳು ತುಂಬಿದ ತೋಡನ್ನು ತೆಗೆಸದಿರುವುದಕ್ಕೂ, ನೀರಿನ ದಾರಿಗೆ ಅಡ್ಡವಾಗಿ ಮಣ್ಣು ತುಂಬಿಸುವುದಕ್ಕೂ ಅದೇ ಮಾತು ನೆಪವಾಗುತ್ತದೆ. ನಿಜವಾದ ತಾಳಿಕೆಯ ಚಿತ್ರದಲ್ಲಿ ಎರಡೂ ಇರಬೇಕು: ತೊಳೆಯುವ ಕೈಯೂ ಇರಬೇಕು, ಗೋಡೆಯ ಮೇಲಿನ ನೀರಿನ ಗೆರೆಯೂ ಇರಬೇಕು. ಬೇಲಿಯ ಮೇಲೆ ಒಣಹಾಕಿದ ಶಾಲೆಯ ಪುಸ್ತಕಗಳು, ಹಂಚು ಹೊದಿಸಲು ಕೂಡಿದ ನೆರೆಮನೆಯವರು, ಹರಿದ ಬಲೆಯನ್ನು ಕಾಲ್ಬೆರಳಿಗೆ ಸಿಕ್ಕಿಸಿ ನೇಯುವ ಮೀನುಗಾರ, ಕೊಳೆತ ಸಸಿಯನ್ನು ಕಿತ್ತು ಮತ್ತೆ ನೆಡುವ ಸಾಲು, ಇವು ಬರಿಯ ಕರುಣೆಯ ಚಿತ್ರಗಳಲ್ಲ. ಕೆಲಸದ ವಿದ್ಯೆಯ ದಾಖಲೆಗಳು. ಬ್ರಹ್ಮಾವರದ ಕೃಷಿ ಸಂಶೋಧನ ಕೇಂದ್ರದವರು ಕೆಲವು ದಿನ ನೆರೆನೀರಿನಲ್ಲಿ ಮುಳುಗಿದರೂ ಚೇತರಿಸಿಕೊಳ್ಳುವ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ತಳಿಯನ್ನು ಹೊರತಂದಿದ್ದಾರೆ. ಮುಳುಗಿದ ದಿನದ ಗದ್ದೆಯ ಪಟದ ಪಕ್ಕದಲ್ಲಿ ಅದೇ ಗದ್ದೆಯ ಕೊಯ್ಲಿನ ಪಟವಿದ್ದರೆ ಎಂಥ ರೈತನಿಗಾದರೂ ಮಾತಿಲ್ಲದೆ ಅರ್ಥವಾಗುತ್ತದೆ. ಮರವಂತೆಯಲ್ಲಿ ಒಂದೇ ಜಾಗದಲ್ಲಿ ನಿಂತು ವರ್ಷವರ್ಷವೂ ತೆಗೆದ ಪಟಗಳ ಸಾಲೊಂದಿದ್ದರೆ ಕಡಲು ಎಷ್ಟು ಒಳಬಂತು, ಕಟ್ಟಿದ ಕಲ್ಲಿನ ತಡೆ ಎಷ್ಟು ಕೆಲಸ ಮಾಡಿತು ಎಂಬ ವಾದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಹಾಳಾದ ಪಟಗಳನ್ನು ಉಳಿಸುವ ವಿದ್ಯೆಯನ್ನೂ ನಾವು ಕಲಿಯಬೇಕು. 2011ರ ಮಾರ್ಚ್ 11ರ ಸುನಾಮಿಯ ಮೇಲೆ ಜಪಾನಿನ ಯಾಮಾಮೋಟೋ ಎಂಬ ಸಣ್ಣ ಊರಿನಲ್ಲಿ ಸ್ವಯಂಸೇವಕರು ಕೆಸರಿನಿಂದ ಲಕ್ಷಗಟ್ಟಲೆ ಪಟಗಳನ್ನು ಆರಿಸಿ, ತೊಳೆದು, ಒಣಗಿಸಿ, ಆದಷ್ಟನ್ನು ಮನೆಯವರಿಗೆ ಮುಟ್ಟಿಸಿದರು. ಕೆಲಸ ಸೂಕ್ಷ್ಮವಾದರೂ ಅಸಾಧ್ಯವಲ್ಲ. ಹಳೆಯ ಪಟದ ಚಿತ್ರವಿರುವುದು ಜೆಲಟಿನ್ ಎಂಬ ಅಂಟಿನ ತೆಳುಪದರದಲ್ಲಿ. ನೆನೆದಾಗ ಅದು ಉಬ್ಬಿ ಮೆತ್ತಗಾಗುತ್ತದೆ. ಗಾಜಿಗೆ ಅಂಟಿಕೊಂಡು ಒಣಗಿದರೆ ಮತ್ತೆ ಬಿಡಿಸುವುದು ಕಷ್ಟ. ಒದ್ದೆಯಾಗಿಯೇ ಬಿಟ್ಟರೆ ನಮ್ಮ ಕರಾವಳಿಯ ಬೂಷ್ಟು ಎರಡು ಮೂರು ದಿನಗಳಲ್ಲಿ ಅದನ್ನು ತಿನ್ನತೊಡಗುತ್ತದೆ. ಆದುದರಿಂದ ನೆನೆದ ಪಟಗಳನ್ನು ಬಲವಂತವಾಗಿ ಬಿಡಿಸದೆ, ತಣ್ಣನೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಅದ್ದಿ ಕೆಸರು ಕಳೆದು, ಚಿತ್ರದ ಮೈ ಮೇಲಾಗಿ ನೆರಳಿನಲ್ಲಿ ಬಟ್ಟೆಯ ಮೇಲೆ ಹರವಬೇಕು. ಪಾತ್ರೆ ತೊಳೆಯುವ ಅವಸರದಲ್ಲಿ ಇದಕ್ಕೂ ಅರ್ಧ ಗಂಟೆ ಸಿಕ್ಕಿದರೆ ಒಂದು ಮನೆತನದ ಮುಖಗಳು ಉಳಿಯುತ್ತವೆ.

ದೊಡ್ಡ ಸಂಸ್ಥೆಗಳನ್ನು ಕಾಯುತ್ತ ಕೂರುವ ಅಗತ್ಯ ನನಗೆ ಕಾಣುವುದಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಪುಸ್ತಕಾಲಯಗಳಿವೆ; ಊರೂರಿನಲ್ಲಿ ಪ್ರೌಢಶಾಲೆಗಳಿವೆ; ಪಟ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರು ಪ್ರತಿ ಪೇಟೆಯಲ್ಲಿಯೂ ಇದ್ದಾರೆ. ಪ್ರತಿ ಮಳೆಗಾಲದ ಕೊನೆಗೆ ಒಂದು ದಿನ ಕೂಡಿ, ಆ ವರ್ಷದ ಇಪ್ಪತ್ತು ಪಟಗಳನ್ನು ಆರಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ, ಬೆನ್ನಿಗೆ ನಾಲ್ಕು ಸಂಗತಿ ಬರೆದಿಟ್ಟರೆ ಸಾಕು: ಊರು ಮತ್ತು ತಾಲೂಕು, ತಾರೀಖು, ಪಟದಲ್ಲಿ ನಡೆಯುತ್ತಿರುವ ಕೆಲಸ, ತೆಗೆದವರ ಹೆಸರು. ಪಟದಲ್ಲಿರುವವರು ಒಪ್ಪಿದರೆ ಅವರ ಹೆಸರೂ ಇರಲಿ. ಒಪ್ಪದಿದ್ದರೆ ಪಟವನ್ನೇ ಇಡುವುದು ಬೇಡ. ಅವರಿಗೆ ಒಂದು ಪ್ರತಿಯನ್ನು ಕೊಡುವುದಂತೂ ಮೊದಲ ಕರ್ತವ್ಯ. ಥಾಂಪ್ಸನ್ ಎಂಬ ಆ ತಾಯಿಗೆ ಅಷ್ಟಾದರೂ ನಡೆದಿದ್ದರೆ ಅವಳ ಕೊರಗು ಅರ್ಧಕ್ಕೆ ಇಳಿಯುತ್ತಿತ್ತು.

ಮುಂದಿನ ನೆರೆ ಬರುವುದರಲ್ಲಿ ಸಂದೇಹವಿಲ್ಲ. ನಮ್ಮ ನದಿಗಳು ಗಿಡ್ಡವಾಗಿಯೇ ಇವೆ, ಘಟ್ಟ ಎತ್ತರವಾಗಿಯೇ ಇದೆ, ಮಳೆಯಾದರೋ ಈಚೆಗೆ ನಾಲ್ಕು ದಿನದ್ದನ್ನು ಒಂದೇ ರಾತ್ರಿಯಲ್ಲಿ ಸುರಿಯುವ ಅಭ್ಯಾಸ ಮಾಡಿಕೊಂಡಿದೆ. ಆಗ ಊರಿನ ಹುಡುಗರು ನೀರಿನ ಪಟ ತೆಗೆದೇ ತೆಗೆಯುತ್ತಾರೆ, ಯಾರೂ ಹೇಳಬೇಕಾಗಿಲ್ಲ. ನಾನು ಕೇಳುವುದಿಷ್ಟೆ: ನೀರು ಇಳಿದ ಮೂರನೆಯ ದಿನ ಇನ್ನೊಮ್ಮೆ ಹೋಗಿ, ತೊಳೆದ ಅಂಗಳದ ಒಂದು ಪಟ ತೆಗೆದು, ಅದರ ಬೆನ್ನ ಮೇಲೆ ತಾರೀಖು ಬರೆಯಲಿ.